ಪಂಚಾಕ್ಷರಪ್ಪನವರ ಮಳೆಗೆ

ಬರೆಯಬೇಕಾದದ್ದು ಮೂರೇ ಅಕ್ಷರ. ಹುಲಿಗೆಮ್ಮ ಬೆಳಗಿನ ಕಾಫಿ ಕುಡಿದು, ಲೋಟ ತೊಳೆದಿಟ್ಟು ಕೂತವಳು, ಬಿಸಿಲು ಹೊಸ್ತಿಲು ದಾಟಿ ಒಳಗೆ ಬಂದರೂ ಒಂದನ್ನೂ ಬರೆದಿರಲಿಲ್ಲ. ಎದುರಿಗೆ ಹಳೇ ಕ್ಯಾಲೆಂಡರಿನ ಹಿಂಬದಿ, ಕೈಯಲ್ಲಿ ದಪ್ಪ ಮೊನೆಯ ಪೆನ್ಸಿಲ್ಲು. ಮೂವತ್ತೈದು ವರ್ಷ ಮಕ್ಕಳಿಗೆ ಕಾಗುಣಿತ ತಿದ್ದಿಸಿದ ಕೈ ಇದು. ಕೊಂಬು ಮರೆತವರು, ದೀರ್ಘ ನುಂಗಿದವರು, ಒತ್ತಕ್ಷರವನ್ನು ಎಲ್ಲಿ ತೂಗುಹಾಕಬೇಕೆಂದು ತಿಳಿಯದೆ ಬಾಯಲ್ಲಿ ಬಳಪ ಕಚ್ಚಿಕೊಂಡು ಕೂತವರು, ಎಲ್ಲರ ಸ್ಲೇಟಿನ ಮೇಲೂ ಈ ಕೈ ಓಡಾಡಿದೆ. ಈಗ ‘ಮ’ ಎಂದು ಶುರು ಮಾಡಿದರೆ ಅಂಗೈ ಬೆವರಿ ಪೆನ್ಸಿಲ್ಲು ಜಾರುತ್ತದೆ. ಅರವತ್ತೈದು ವರ್ಷದ ರಿಟೈರ್ಡ್ ಟೀಚರಿಗೆ ಮೂರಕ್ಷರ ಬರೆಯಲು ಬರುವುದಿಲ್ಲ ಎಂದು ಯಾರಾದರೂ ನೋಡಿದರೆ ಏನಂದಾರು ಎಂದು ಅವಳಿಗೇ ನಗು ಬಂತು. ಎದ್ದು ಹೋಗಿ ಕೈ ತೊಳೆದುಕೊಂಡು ಬಂದು ಮತ್ತೆ ಕೂತಳು.

ನಿನ್ನೆ ಮಧ್ಯಾಹ್ನ ಮಲ್ಲಿಕಾರ್ಜುನಪ್ಪ ಬಂದಿದ್ದ. ಚಪ್ಪಲಿ ಬೀದಿಯಲ್ಲೇ ಬಿಟ್ಟು, ಕುರ್ಚಿ ಕೊಟ್ಟರೂ ಬೇಡವೆಂದು ಜಗಲಿಯ ಮೇಲೆ ಕೂತ. ಅಡಿಕೆ ವ್ಯಾಪಾರದ ಮನೆತನ. ಚನ್ನಗಿರಿ ಪೇಟೆ ಬೀದಿಯ ದೊಡ್ಡ ಕಟ್ಟಡ ಇವನ ಅಜ್ಜ ಪಂಚಾಕ್ಷರಪ್ಪ ಕಟ್ಟಿಸಿದ್ದು. ನೀರು ಕುಡಿದು, ಊರಿನ ಸುದ್ದಿ ಎರಡು ಮಾತಾಡಿ, ಆಮೇಲೆ ವಿಷಯಕ್ಕೆ ಬಂದ. “ಟೀಚರೇ, ನಮ್ಮ ಬಿಲ್ಡಿಂಗಿನ ಮ್ಯಾಲೆ ಬರ್ದಿರೋದು ನಿಮಗೆ ಗೊತ್ತೈತಲ್ಲ. ಅಜ್ಜನ ಕಾಲ್ದಿಂದ್ಲೂ ತಪ್ಪೇ ಐತೆ. ಈಗ ಕೆಳಗೆ ಬ್ಯಾಂಕಿನೋರು ಬರಾಕತ್ತಾರೆ. ಮ್ಯಾನೇಜರು ತಲೆ ಎತ್ತಿ ನೋಡಿ ನಕ್ಕೇಬಿಟ್ರು. ನನಗೆ ಒಂಥರಾ ಆತು. ನಾಳೆ ಸಣ್ಣತಿಮ್ಮಪ್ಪನ್ನ ಹತ್ತಿಸ್ತೀನಿ, ಗಾರೆ ಕೆಲಸಕ್ಕೆ. ಅವನಿಗೂ ಓದಾಕೆ ಬರಲ್ಲ. ನೀವು ದಪ್ಪಗೆ ಒಂದು ಚೀಟಿ ಬರ್ಕೊಟ್ರೆ ಅದನ್ನ ನೋಡ್ಕೊಂಡು ತಿದ್ದುತಾನೆ. ಊರಾಗೆ ನಿಮಗಿಂತ ಕನ್ನಡ ಯಾರಿಗೆ ಬರ್ತದೆ ಹೇಳ್ರಿ?” ಹುಲಿಗೆಮ್ಮ ಆಯಿತು ಅಂದಳು. ಅನ್ನದೆ ಏನು ಮಾಡುವುದು. ಅವನು ಚಪ್ಪಲಿ ಮೆಟ್ಟಿಕೊಳ್ಳುತ್ತಾ, ಯಾವ ಕೆಟ್ಟ ಮನಸ್ಸೂ ಇಲ್ಲದೆ, “ಅದನ್ನ ಮೆತ್ತಿದ ಆ ಅಂಜಿನಪ್ಪ ಯಾರೋ, ಕೆಲಸದಾಗೆ ಭಾರೀ ಗಟ್ಟಿಗ ಅಂತೆ. ಅಕ್ಷರದಾಗೆ ಮಾತ್ರ ಕೈ ಕೊಟ್ಟ ನೋಡ್ರಿ” ಅಂದು ಹೋದ. ಅಂಜಿನಪ್ಪ ಹುಲಿಗೆಮ್ಮನ ಅಪ್ಪ ಎಂಬುದು ಅವನಿಗೆ ಗೊತ್ತಿರಲಿಲ್ಲ. ಗೊತ್ತಿದ್ದವರಲ್ಲಿ ಹೆಚ್ಚಿನವರು ಸತ್ತಿದ್ದರು, ಉಳಿದವರಿಗೆ ಮರೆತಿತ್ತು.

ಆ ಕಟ್ಟಡವನ್ನು ಅವಳು ಕಣ್ಣು ಮುಚ್ಚಿಕೊಂಡು ಬುಡದಿಂದ ನೆತ್ತಿಯವರೆಗೆ ಹೇಳಬಲ್ಲಳು. ಎದೆಮಟ್ಟದ ಕಲ್ಲಿನ ಕಟ್ಟೆ, ಗಾಡಿಯ ಮಟ್ಟಕ್ಕೆ ಸರಿಯಾಗಿ. ಚೀಲವನ್ನು ಎತ್ತಿ ಇಳಿಸುವ ತಾಪತ್ರಯವಿಲ್ಲದೆ ಗಾಡಿಯಿಂದ ಎಳೆದುಕೊಂಡರೆ ಸಾಕು, ಸೀದಾ ಒಳಗೆ. ಕಟ್ಟೆಯ ಮೇಲೆ ಏಳು ಕಮಾನು, ಎಂಟು ದುಂಡು ಕಂಬ. ಕಂಬದ ಒಳಗೆ ಇಟ್ಟಿಗೆ, ಹೊರಗೆ ಗಾರೆ. ಆದರೆ ಕೈ ಇಟ್ಟರೆ ಬೇಸಗೆಯಲ್ಲೂ ತಣ್ಣಗೆ, ನುಣ್ಣಗೆ. ಕಮಾನುಗಳ ಹಿಂದೆ ಉದ್ದಕ್ಕೂ ಓಡುವ ಮೊಗಸಾಲೆ, ಅದರ ಹಿಂದೆ ಕೊಳವೆಯ ಹಾಗೆ ಕಿರಿದಾಗಿ ಉದ್ದವಾದ ಆರು ಅಂಗಡಿ. ಮಹಡಿಯಲ್ಲಿ ಮರದ ಸರಳಿನ ಕಟಾಂಜನ, ಬಾಗಿಲುಗಳ ತಲೆಯ ಮೇಲೆ ಬೀಸಣಿಗೆಯಂತೆ ಬಿಡಿಸಿಕೊಂಡ ಕೆಂಪು, ಹಸಿರು, ನೀಲಿ ಗಾಜು. ತಾರಸಿಗೆ ಸಾಗುವಾನಿ ತೊಲೆ, ಅದರ ಮೇಲೆ ಓರೆಯಾಗಿ ನಿಲ್ಲಿಸಿದ ತೆಳು ಇಟ್ಟಿಗೆ, ಅದರ ಮೇಲೆ ಹೆಂಗಸರು ಸಾಲಾಗಿ ಕೂತು ಹದಿನೈದು ದಿನ ಕೋಲಿನಿಂದ ಬಡಿದ ಗಾರೆ. ಎಲ್ಲಕ್ಕಿಂತ ಮೇಲೆ, ಬೀದಿಯ ಕಡೆಗೆ, ಅರ್ಧಚಂದ್ರದ ಹಾಗೆ ಎದ್ದು ನಿಂತ ಗೋಡೆ. ಗಾರೆಯವರು ಅದನ್ನು ಕಿರೀಟ ಅನ್ನುತ್ತಿದ್ದರು. ಅದರ ಎರಡೂ ಕಡೆಗೆ ಎರಡು ಸಿಂಹ. ಅಪ್ಪ ಸಿಂಹ ಕಂಡವನಲ್ಲ, ಆದ್ದರಿಂದ ಅವು ಊಟ ಮುಗಿಸಿ ಕೂತ ಬೆಕ್ಕುಗಳಂತೆ ಸಮಾಧಾನವಾಗಿದ್ದವು. ನಡುವೆ ಬಳ್ಳಿ, ಬಳ್ಳಿಯೊಳಗೆ ೧೯೨೧, ಅದರ ಮೇಲೆ ಮೊಳದುದ್ದದ ಉಬ್ಬಕ್ಷರದಲ್ಲಿ, ಇಡೀ ಪೇಟೆಗೆ ಕಾಣುವ ಹಾಗೆ: ಪಂಚಾಕ್ಷರಪ್ಪನವರ ಮಳೆಗೆ.

ಆಗ ಅವಳಿಗೆ ಎಂಟು ವರ್ಷ. ಕಟ್ಟಡದ ಹಿಂದಿನ ಬಯಲಲ್ಲಿ ಎತ್ತು ತಿರುಗುವ ಗಾಣ ಹೂಡಿ ಗಾರೆ ಅರೆಯುತ್ತಿದ್ದರು. ಸುಣ್ಣ, ಮರಳು, ಬೆಲ್ಲದ ನೀರು, ಅಳಲೆಕಾಯಿ ನೆನೆಸಿದ ನೀರು. ಆ ವಾಸನೆ ಅಪ್ಪನ ಮೈಯಿಂದ ಯಾವತ್ತೂ ಹೋಗುತ್ತಿರಲಿಲ್ಲ. ಅವನು ಪಕ್ಕದಲ್ಲಿ ಮಲಗಿದರೆ ಬೆಲ್ಲದ ಉಂಡೆ ಮಗ್ಗುಲಲ್ಲಿ ಇದ್ದಂತೆ ಅವಳಿಗೆ ನಿದ್ದೆ ಬರುತ್ತಿತ್ತು. ಪಂಚಾಕ್ಷರಪ್ಪ ಸಾವ್ಕಾರರು ಹೆಸರನ್ನು ಸಣ್ಣ ಚೀಟಿಯಲ್ಲಿ ಬರೆದುಕೊಟ್ಟಿದ್ದರು. ಅಷ್ಟು ಸಣ್ಣದನ್ನು ನೋಡಿಕೊಂಡು ಮೊಳದುದ್ದ ಮಾಡುವುದು ಹೇಗೆ? ಅಪ್ಪ ಮನೆಗೆ ತಂದು ಮಗಳ ಮುಂದೆ ಇಟ್ಟ. “ನೀನು ಸಾಲಿ ಕಲಿತಾಕಿ. ದೊಡ್ಡದಾಗಿ ಬರ್ದುಕೊಡವ್ವ.” ಅವ್ವ ರಟ್ಟು ತಂದುಕೊಟ್ಟಳು, ಒಲೆಯಿಂದ ಇದ್ದಿಲು ತಂದುಕೊಟ್ಟಳು. ಎರಡನೇ ಕ್ಲಾಸಿನ ಹುಡುಗಿ ನೆಲಕ್ಕೆ ಮಂಡಿಯೂರಿ ‘ಪಂ’ದಿಂದ ಶುರು ಮಾಡಿದಳು. ಅಪ್ಪ, ಅವ್ವ ಇಬ್ಬರೂ ಉಸಿರು ಬಿಗಿಹಿಡಿದು ನೋಡುತ್ತಿದ್ದರು. ಕಷ್ಟದ ‘ಕ್ಷ’ವನ್ನೂ ಪ್ಪ ಒತ್ತನ್ನೂ ಒಂದು ಗೆರೆ ಆಚೀಚೆಯಾಗದಂತೆ ಬರೆದವಳು ಸುಲಭದ ‘ಮಳಿಗೆ’ಯಲ್ಲಿ ಎಡವಿದಳು. ಎಡವಿದಳು ಅನ್ನುವುದೂ ತಪ್ಪೇ. ಎಡವುವವರಿಗೆ ಕಲ್ಲು ಕಂಡಿರುವುದಿಲ್ಲ. ಅವಳು ಕಂಡೇ ಬರೆದಳು.

ಮನೆಯಲ್ಲಿ ಆಡುತ್ತಿದ್ದದ್ದು ಅವ್ವನ ತವರು ಸಾಸ್ವೆಹಳ್ಳಿಯ ಮಾತು. ಅಲ್ಲಿ ಮನೆ ಮನಿ, ಶಾಲೆ ಸಾಲಿ, ಮಳೆ ಮಳಿ. ಶಾಲೆಯ ಮೇಷ್ಟ್ರು ಮೈಸೂರು ಕಡೆಯವರು. ‘ಮಳಿ ಬಂತು’ ಎಂದು ಅವಳು ಸ್ಲೇಟಿನಲ್ಲಿ ಬರೆದಾಗಲೆಲ್ಲ, “ಏತ್ವ ಎಲ್ಲಿ? ನಿಮ್ಮನೇಲಿ ಏತ್ವಾನ ಉಪ್ಪಿನಕಾಯಿ ಹಾಕಿಟ್ಟಿದೀರಾ?” ಎಂದು ಬೆರಳ ಗಂಟಿನ ಮೇಲೆ ಅಡಿಪಟ್ಟಿಯ ಅಂಚಿನಿಂದ ಹೊಡೆಯುತ್ತಿದ್ದರು, ಇಡೀ ಕ್ಲಾಸು ನಗುತ್ತಿತ್ತು. ಮಳಿ ಅಲ್ಲ ಮಳೆ, ಮನಿ ಅಲ್ಲ ಮನೆ ಎಂದು ಅವಳು ದಾರಿಯುದ್ದಕ್ಕೂ ಗೊಣಗಿಕೊಂಡೇ ಮನೆಗೆ ಬರುತ್ತಿದ್ದಳು. ‘ಮಳಿಗೆ’ ಎಂಬ ಮಾತು ಅವಳ ಕಿವಿಗೆ ಬಿದ್ದಿರಲಿಲ್ಲ. ಅವರ ಪಾಲಿಗೆ ಅಂಗಡಿ ಅಂದರೆ ಅಂಗಡಿ. ಆದರೆ ಅಪ್ಪ ಒಮ್ಮೆ ಕಮಾನುಗಳನ್ನು ತೋರಿಸಿ, ಇದು ಯಾತಕ್ಕಪ್ಪ ಎಂದು ಕೇಳಿದ್ದಕ್ಕೆ, “ಮಳಿಗೆ, ಬಿಸಲಿಗೆ ಜನ ನಿಂದ್ರಾಕೆ” ಅಂದಿದ್ದ. ಸಾವ್ಕಾರರ ಚೀಟಿಯಲ್ಲಿ ‘ಮಳಿಗೆ’ ಕಂಡದ್ದೇ ಅವಳಿಗೆ ಎಲ್ಲಾ ಅರ್ಥವಾಗಿಬಿಟ್ಟಿತು. ಅಯ್ಯೋ ಪಾಪ, ಇಷ್ಟು ದೊಡ್ಡ ಸಾವ್ಕಾರರು, ಇವರಿಗೂ ಏತ್ವ ಬರುವುದಿಲ್ಲ. ಯಾರಿಗೂ ಹೇಳದೆ, ಅವರ ಮರ್ಯಾದೆ ಉಳಿಸುವವಳಂತೆ, ಅವಳು ಅದನ್ನು ಸರಿಮಾಡಿದಳು. ‘ಳ’ದ ತಲೆಯ ಮೇಲೆ ಇರಬೇಕಾದ ಗುಡಿಸು, ಆ ಮುಚ್ಚಿದ ಸಣ್ಣ ಸುತ್ತು, ಅವಳ ಇದ್ದಿಲಿನಲ್ಲಿ ಬಾಯಿ ತೆರೆದು ಪಕ್ಕಕ್ಕೆ ಚಾಚಿ ಏತ್ವವಾಯಿತು.

ಮಳಿಗೆಯ ಪ್ರವೇಶದ ದಿನ ಯಾರೋ ನೆಂಟರು ತಲೆ ಎತ್ತಿ ಗಟ್ಟಿಯಾಗಿ ಓದಿದರು. ಒಬ್ಬರು ನಕ್ಕರು, ಇನ್ನೊಬ್ಬರು ನಕ್ಕರು, ಆಮೇಲೆ ಪೆಂಡಾಲೇ ನಕ್ಕಿತು. ಪಂಚಾಕ್ಷರಪ್ಪ ಕೆಟ್ಟವರಲ್ಲ, ಆದರೆ ಅಷ್ಟು ಜನರ ಮುಂದೆ ಮುಖ ಕೆಂಪಾಯಿತು. “ಅಕ್ಷರ ಕಲೀದೋನ ಕೈಗೆ ನನ್ನ ಹೆಸರು ಕೊಟ್ಟೆನಲ್ಲ, ನನಗೆ ಬುದ್ಧಿ ಇಲ್ಲ” ಅಂದರು. ಹುಲಿಗೆಮ್ಮ ಅಪ್ಪನೇ ಮೆತ್ತಿದ ಕಂಬದ ಹಿಂದೆ ನಿಂತು ಕೇಳಿಸಿಕೊಂಡಳು. ಅಪ್ಪ ತಲೆಯ ವಸ್ತ್ರ ಬಿಚ್ಚಿ ಕೈಯಲ್ಲಿ ಹಿಡಿದು, “ತಪ್ಪಾತ್ರಿ ಸಾವ್ಕಾರ್ರೆ, ನನ್ನ ಕಣ್ಣಿಗೆ ತಿಳೀಲಿಲ್ಲ” ಅಂದ. ಮನೆಗೆ ಬರುವಾಗ ಅವಳ ಕೈ ಹಿಡಿದುಕೊಂಡೇ ಬಂದ. ಓಣಿಯ ತಿರುವಿನಲ್ಲಿ ಕುಕ್ಕರುಗಾಲಲ್ಲಿ ಕೂತು ಅವಳ ಮುಖಕ್ಕೆ ಮುಖ ತಂದು, “ಯಾರಿಗೂ ಹೇಳಬ್ಯಾಡವ್ವ. ಹೆಣ್ಣುಹುಡುಗಿ ಬರ್ದಿದ್ದು ಅಂತ ಗೊತ್ತಾದ್ರೆ ನಿಮ್ಮ ದೊಡ್ಡಪ್ಪ ಸಾಲಿ ಬಿಡಿಸು ಅಂತಾನೆ. ನನಗೇನು? ನನಗೆ ಹೆಂಗೂ ಓದಾಕೆ ಬರಲ್ಲ ಅಂತ ಊರಿಗೇ ಗೊತ್ತೈತೆ” ಅಂದ. ಹೇಳಿ ನಕ್ಕ ಕೂಡಾ. ಆ ನಗು ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಪೂಜೆಯಾದ ಮೇಲೆ ಕಿರೀಟಕ್ಕೆ ಉಳಿ ತಾಗಿಸಿದರೆ ಒಳ್ಳೆಯದಲ್ಲ ಎಂದು ಸಾವ್ಕಾರರ ಮನೆಯ ಹೆಂಗಸರು ಹಟ ಹಿಡಿದರು, ಅಕ್ಷರ ಹಾಗೇ ನಿಂತಿತು. ಊರಿನವರಿಗೆ ಅಷ್ಟೇ ಸಾಕಾಯಿತು. ಅಂಜು ಅಂದರೆ ಹೆದರು. ಮಳೆಗೆ ಅಂಜಿದವನು ಮಳೆಗೆ ಅಂಜಿನಪ್ಪ. ಹಸಿ ಗಾರೆ ಮಳೆಗೆ ತೊಳೆದುಹೋಗುತ್ತದಲ್ಲ, ಗಾರೆಯವನು ಮಳೆಗೆ ಅಂಜುವುದೂ ನಿಜವೇ. ಹೀಗಾಗಿ ಹೆಸರು ಮೈಗೆ ಹೊಲಿದ ಅಂಗಿಯ ಹಾಗೆ ಕೂತುಬಿಟ್ಟಿತು. ಆಮೇಲೆ ಅವನಿಗೆ ಕಂಬ ಕೊಟ್ಟರು, ಕಮಾನು ಕೊಟ್ಟರು, ಸಂತೇಬೆನ್ನೂರಿನಲ್ಲಿ ಒಂದಿಡೀ ಮನೆಯ ಮುಖ ಕೊಟ್ಟರು. ಅಕ್ಷರ ಮಾತ್ರ ಯಾರೂ ಕೊಡಲಿಲ್ಲ. ಅಕ್ಷರಕ್ಕೆ ದಾವಣಗೆರೆಯಿಂದ ಬೇರೆಯವನನ್ನು ಕರೆಸುತ್ತಿದ್ದರು, ಅಪ್ಪ ಅವನಿಗೆ ಸಾರವೆ ಕಟ್ಟಿಕೊಡುತ್ತಿದ್ದ.

ಹುಲಿಗೆಮ್ಮ ಓದಿದಳು, ಟೀಚರಾದಳು. ಜಗಳೂರು, ನ್ಯಾಮತಿ, ಹೊನ್ನಾಳಿ, ಸಂತೇಬೆನ್ನೂರು. ಎಲ್ಲಿಗೆ ಹಾಕಿದರೂ ಸರಿ, ಚನ್ನಗಿರಿ ಪೇಟೆ ಶಾಲೆ ಒಂದು ಬೇಡ ಎಂದು ಅವಳು ಕೇಳಿಕೊಳ್ಳುತ್ತಿದ್ದದ್ದು ಏಕೆಂದು ಗಂಡನಿಗೂ ಗೊತ್ತಿರಲಿಲ್ಲ. ಅಪ್ಪ ಸತ್ತಾಗ ಜಗಳೂರಿನಲ್ಲಿದ್ದಳು. ಬಂದಳು, ಅತ್ತಳು, ಮಣ್ಣು ಮಾಡಿದ ಮೇಲೆ ಬಂದವರು ಒಬ್ಬೊಬ್ಬರೇ ಅಪ್ಪನ ಮಾತಾಡುತ್ತಾ ಮಳೆಗೆಯ ವಿಷಯ ಎತ್ತಿ ಮೆಲ್ಲಗೆ ನಕ್ಕರು, ಪ್ರೀತಿಯಿಂದಲೇ. ಆಗ ಹೇಳಬಹುದಿತ್ತು. ದೊಡ್ಡಪ್ಪ ಸತ್ತು ಹೋಗಿದ್ದ, ಶಾಲೆ ಬಿಡಿಸುವವರು ಯಾರೂ ಉಳಿದಿರಲಿಲ್ಲ. ಆದರೆ ಕಾಗುಣಿತ ಕಲಿಸುವ ಟೀಚರು ಕಾಗುಣಿತ ತಪ್ಪಿದ್ದಳು ಎಂದು ಹೇಳಿಕೊಳ್ಳುವುದು ಹೇಗೆ ಎಂದು ಬಾಯಿ ಕಟ್ಟಿತು. ಒಮ್ಮೆ ನ್ಯಾಮತಿಯಲ್ಲಿ ಇನ್‌ಸ್ಪೆಕ್ಟರು ಬಂದು, ಏತ್ವಕ್ಕೂ ಗುಡಿಸಿಗೂ ವ್ಯತ್ಯಾಸ ತಿಳಿಯದಿದ್ದರೆ ಏನಾಗುತ್ತದೆ ನೋಡಿ ಎಂದು ಚನ್ನಗಿರಿಯ ಮಳೆಗೆಯ ಕಥೆ ಹೇಳಿದರು. ಉಳಿದ ಟೀಚರುಗಳ ಜೊತೆ ಅವಳೂ ನಕ್ಕಳು. ಅದಾದರೂ ಹೋಗಲಿ, ಮೇಲಿನವರು ನಕ್ಕಾಗ ನಗಬೇಕಾಗುತ್ತದೆ. ಸಂತೇಬೆನ್ನೂರಿನಲ್ಲಿ ಒಂದು ಮಧ್ಯಾಹ್ನ, ಮಕ್ಕಳು ತೂಕಡಿಸುತ್ತಿದ್ದಾಗ, ಯಾರೂ ಕೇಳದೆಯೇ, ಅವಳೇ ಅದನ್ನು ಹೇಳಿದಳು. ‘ಚನ್ನಗಿರಿಯಲ್ಲಿ ಒಬ್ಬ ಗಾರೆಯವನಿದ್ದ, ಅವನಿಗೆ ಓದಲು ಬರುತ್ತಿರಲಿಲ್ಲ’ ಎಂದು ಶುರು ಮಾಡಿದಳು. ಮಕ್ಕಳು ಬಿದ್ದುಬಿದ್ದು ನಕ್ಕವು, ನಿದ್ದೆ ಹಾರಿಹೋಯಿತು, ಪಾಠ ಚೆನ್ನಾಗಿ ಆಯಿತು. ಆ ದಿನ ಮನೆಗೆ ಬಂದು ಅವಳಿಗೆ ಊಟ ಸೇರಲಿಲ್ಲ. ಅಪ್ಪ ತನ್ನ ಶಾಲೆ ಉಳಿಸಿಕೊಟ್ಟದ್ದು ಈ ಪಾಠ ಮಾಡುವುದಕ್ಕೇ ಏನೋ ಎನ್ನಿಸಿತ್ತು.

ಪೆನ್ಸಿಲ್ಲು ಹಿಡಿದು ಅವಳು ಒಂದೇ ಉಸಿರಿಗೆ ಬರೆದಳು. ಮಳಿಗೆ. ದುಂಡಗೆ, ದಪ್ಪಗೆ, ಯಾರೂ ಬೆರಳು ತೋರಿಸಲಾಗದ ಹಾಗೆ. ಇದು ಸಣ್ಣತಿಮ್ಮಪ್ಪನ ಕೈಗೆ ಹೋದರೆ ಸಾಯಂಕಾಲದೊಳಗೆ ಅಂಜಿನಪ್ಪನ ತಪ್ಪನ್ನು ಹುಲಿಗೆಮ್ಮ ಟೀಚರು ತಿದ್ದಿದರು ಎಂದಾಗುತ್ತದೆ. ಅಲ್ಲಿಗೆ ಮುಗಿಯಿತು, ತಪ್ಪು ಅವನದೆಂದು ಸುಣ್ಣ ಬಳಿದು ಮುದ್ರೆ ಒತ್ತಿದ ಹಾಗೆ. ಇವತ್ತು ಹೇಳದಿದ್ದರೆ ಇನ್ನು ಯಾವತ್ತೂ ಹೇಳುವಂತಿಲ್ಲ. ಗೋಡೆಯ ಮೇಲೆ ಏತ್ವವೇ ಇಲ್ಲದ ಮೇಲೆ ಯಾವ ಏತ್ವದ ಬಗ್ಗೆ ಹೇಳುವುದು? ಅವಳು ಸೀರೆ ಬದಲಾಯಿಸಿ, ಹಾಳೆಯನ್ನು ಸುರುಳಿ ಸುತ್ತಿ ಹಿಡಿದುಕೊಂಡು ಹೊರಟಳು.

ಓಣಿಯಿಂದ ಪೇಟೆ ಬೀದಿಗೆ ಬಂದರೆ ಮೊದಲು ಕಾಣುವುದು ಕಟ್ಟಡದ ಪಕ್ಕೆ. ಅಲ್ಲಲ್ಲಿ ಗಾರೆ ಉದುರಿ ಇಟ್ಟಿಗೆಯ ಕೆಂಪು ಕಾಣುತ್ತಿತ್ತು, ನೀರು ಇಳಿದಲ್ಲಿ ಹಸಿರು ಕಟ್ಟಿ ಒಣಗಿತ್ತು. ಮುಂಭಾಗಕ್ಕೆ ಬೊಂಬಿನ ಸಾರವೆ ಕಟ್ಟಿದ್ದರು. ಮೂರನೇ ಕಮಾನಿನ ಕೆಳಗೆ ಎಲೆ ಮಾರುವ ಕೊಲ್ಲಾಪುರಮ್ಮ ಎಂದಿನಂತೆ ಕೂತಿದ್ದಳು. ಅವಳು ಬಾಡಿಗೆ ಕೊಡುವವಳಲ್ಲ, ಅವಳ ಅತ್ತೆಯೂ ಕೊಟ್ಟವಳಲ್ಲ. ಊರು ನಕ್ಕು ಸಾಕಾದ ಮೇಲೆ ಪಂಚಾಕ್ಷರಪ್ಪನವರಿಗೇ ಏನನ್ನಿಸಿತೋ, ಮೊದಲ ಮಳೆಗಾಲದಲ್ಲಿ ಜೋರು ಮಳೆ ಹಿಡಿದಾಗ ಅಂಗಡಿಯವನೊಬ್ಬ ಮೊಗಸಾಲೆಯಲ್ಲಿ ನಿಂತ ಸಂತೆಯ ಜನವನ್ನು ಹೊರಗಟ್ಟಲು ಹೋದರೆ, ‘ಮ್ಯಾಲೆ ಬರ್ದೈತಲ್ಲೋ ಮಳೆಗೆ ಅಂತ, ನಿಂತ್ಕಳ್ಲಿ ಬಿಡು’ ಅಂದರಂತೆ. ಅಂದಿನಿಂದ ಆ ಏಳು ಕಮಾನಿನ ಕೆಳಗೆ ಯಾರು ನಿಂತರೂ ಯಾಕೆ ಎಂದು ಕೇಳುವ ಪದ್ಧತಿ ಇರಲಿಲ್ಲ. ಈ ಒಳ್ಳೆಯ ಮಾತು ಸಾವ್ಕಾರರ ಲೆಕ್ಕಕ್ಕೆ ಸೇರಿತು. ತಪ್ಪು ಅಪ್ಪನ ಲೆಕ್ಕದಲ್ಲಿ ಉಳಿಯಿತು.

“ಏನ್ರಿ ಟೀಚರ್, ಇವತ್ತು ನಮ್ಮ ಏತ್ವ ಕೀಳ್ತಾರಂತೆ?” ಕೊಲ್ಲಾಪುರಮ್ಮ ಎಲೆಗೆ ನೀರು ಚಿಮುಕಿಸುತ್ತಾ ಕೇಳಿದಳು. “ಏನಾರ ಬರ್ಕಳ್ಳಿ. ನಾನಂತೂ ಇಲ್ಲೇ ಕೂರಾಕಿ. ನನಗೆ ಓದಾಕೆ ಬಂದ್ರೆ ತಾನೆ.”

ಮಲ್ಲಿಕಾರ್ಜುನಪ್ಪ ನಡುವಿನ ಕಮಾನಿನ ಹತ್ತಿರ ಬ್ಯಾಂಕಿನ ಬೋರ್ಡು ಎಲ್ಲಿ ಬರಬೇಕೆಂದು ಟೇಪು ಹಿಡಿದು ಅಳೆಸುತ್ತಿದ್ದ. ಮೇಲಿನಿಂದ ಉಳಿಯ ಸದ್ದು ಆಗಲೇ ಬರುತ್ತಿತ್ತು, ಚೂರು ಗಾರೆ ಉದುರುತ್ತಿತ್ತು. ಹುಲಿಗೆಮ್ಮ ತಲೆ ಎತ್ತಿ ನೋಡಿದಳು. ಅವಳು ಬರುವ ಮೊದಲೇ ಶುರು ಮಾಡಿಬಿಟ್ಟಿದ್ದಾರೆ. “ಬರ್ರಿ, ಬರ್ರಿ. ಹಳೇದು ಕೀಳ್ಲಿ ಅಂತ ಮೊದ್ಲೇ ಹತ್ತಿಸ್ದೆ” ಅನ್ನುತ್ತಾ ಅವನು ಚೀಟಿಗೆ ಕೈ ಚಾಚಿದ. ಅವಳು ಕೊಡಲಿಲ್ಲ. ಸುರುಳಿಯನ್ನು ಎರಡೂ ಕೈಯಲ್ಲಿ ಹಿಡಿದು, ಕ್ಲಾಸಿನ ಮುಂದೆ ಮೊದಲ ಸಲ ನಿಂತವಳಂತೆ ಗಂಟಲು ಸರಿಮಾಡಿಕೊಂಡಳು. ಐವತ್ತೇಳು ವರ್ಷ ಬಾಯಿಪಾಠ ಮಾಡಿದ ಮಾತು ಹೊರಗೆ ಬರುವಾಗ ತೀರಾ ಸಣ್ಣದಾಗಿತ್ತು. “ಮಲ್ಲಿಕಾರ್ಜುನಪ್ಪಾರೆ, ಒಂದು ಮಾತು. ಇದನ್ನ ಮೆತ್ತಿದ ಅಂಜಿನಪ್ಪ ನಮ್ಮಪ್ಪ. ಅವತ್ತು ಅವನಿಗೆ ಅಕ್ಷರ ಬರ್ಕೊಟ್ಟೋಳು ನಾನು. ನಿಮ್ಮಜ್ಜಾರು ಸರಿಯಾಗೇ ಬರ್ದಿದ್ರು. ಏತ್ವ ನಾನು ಹಾಕಿದ್ದು.”

ಅವನು ಟೇಪನ್ನು ಸುತ್ತುತ್ತಾ ಒಂದು ಗಳಿಗೆ ಅವಳ ಮುಖ ನೋಡಿದ. ನಕ್ಕಿದ್ದರೂ ಅವಳಿಗೆ ಮುಂದೆ ಅವನಾಡಿದ ಮಾತಿನಷ್ಟು ನೋಯುತ್ತಿರಲಿಲ್ಲ. “ಹೌದೇನ್ರಿ? ನಿಮ್ಮ ತಂದೆಯೋರಾ?” ಅಂದ. “ನಿನ್ನೆ ನಾನು ಏನೋ ಅಂದ್ಬಿಟ್ಟೆ, ತಪ್ಪು ತಿಳೀಬ್ಯಾಡ್ರಿ. ಹೋಗ್ಲಿ ಬಿಡ್ರಿ, ನೀವು ಸಣ್ಣೋರಿದ್ರಿ, ಯಾವ ಕಾಲದ್ದೋ. ಆದ್ರೂ ನೋಡ್ರಿ,” ಎಂದು, ಅವಳ ಮನಸ್ಸು ಹಗುರ ಮಾಡುವ ಒಳ್ಳೆಯತನದಿಂದಲೇ ಸೇರಿಸಿದ, “ಮೆತ್ತೋರಿಗೆ ತಿಳೀಬೇಕಿತ್ತು. ಅಜ್ಜನ ಚೀಟಿ ಅವರ ಹತ್ರನೇ ಇತ್ತಲ್ಲ. ಓದಾಕೆ ಬರದಿದ್ರೇನು, ಎರಡೂ ಪಕ್ಕಪಕ್ಕ ಇಟ್ಟು ನೋಡಿದ್ರೆ ಕಣ್ಣಿಗೆ ಕಾಣ್ತದೆ. ನಿಮ್ಮ ತಪ್ಪೇನಿಲ್ಲ ಬಿಡ್ರಿ.” ಮತ್ತೆ ಟೇಪು ಹಿಡಿದ ಆಳಿನ ಕಡೆ ತಿರುಗಿ, ಇನ್ನು ನಾಲ್ಕು ಇಂಚು ಎಡಕ್ಕೆ ಅಂದ.

ಹುಲಿಗೆಮ್ಮ ಅಲ್ಲೇ ಕಂಬಕ್ಕೆ ಕೈಯಿಟ್ಟು ನಿಂತಳು. ಹೇಳಿದ್ದಾಯಿತು. ಆದರೆ ಹೇಳಿದ್ದು ಸುತ್ತಿ ಬಳಸಿ ಅಪ್ಪನ ತಲೆಯ ಮೇಲೇ ಹೋಗಿ ಕೂತಿತು. ಇಷ್ಟು ವರ್ಷ ಅವನು ಓದು ಬಾರದವನಾಗಿದ್ದ, ಈಗ ಕಣ್ಣಿಲ್ಲದವನೂ ಆದ. ಅದಕ್ಕಿಂತ ಕೆಟ್ಟದ್ದು, ಮಲ್ಲಿಕಾರ್ಜುನಪ್ಪನ ಮಾತು ನಿಜವೆಂದು ಅವಳಿಗೂ ಅನ್ನಿಸಿತು. ನಿಜವಾಗಿ ಅಪ್ಪ ಏಕೆ ನೋಡಲಿಲ್ಲ? ಕಮಾನಿಗೆ ನೂಲು ಹಿಡಿದು ಕೂದಲೆಳೆ ವ್ಯತ್ಯಾಸ ಕಂಡರೂ ಒಡೆದು ಮತ್ತೆ ಮಾಡುತ್ತಿದ್ದವನು. ಕೊಲ್ಲಾಪುರಮ್ಮ ಏನೋ ಕೇಳಿದಳು, ಇವಳಿಗೆ ಕೇಳಿಸಲಿಲ್ಲ. ಚೀಟಿ ಕೊಟ್ಟು ಮನೆಗೆ ಹೋಗಿ ಅನ್ನಕ್ಕಿಟ್ಟರಾಯಿತು ಎಂದು ತಿರುಗಿದಳು.

“ಸಾವ್ಕಾರ್ರೇ,” ಮೇಲಿನಿಂದ ಸಣ್ಣತಿಮ್ಮಪ್ಪ ಕೂಗಿದ. ಉಳಿಯ ಸದ್ದು ನಿಂತಿತ್ತು. “ಚೀಟಿ ಬಂತೇನ್ರಿ?”

“ಬಂತು, ಕಳಿಸ್ತೀನಿ ತಡಿಯೋ.”

“ಬ್ಯಾಡ್ರಿ. ಕೆಳಗೆ ಇನ್ನೊಂದು ಅಕ್ಷರ ಐತ್ರಿ. ಈ ಕೊಂಡಿ ಆಮ್ಯಾಲೆ ಮೆತ್ತಿರೋದು. ಕಿತ್ರೆ ಕೆಳಗೆ ದುಂಡಗೆ ಐತೆ, ಪೂರ್ತಿ ಐತೆ. ಯಾರಾರ ಓದೋರು ಬಂದು ನೋಡ್ರಿ.”

ಮಲ್ಲಿಕಾರ್ಜುನಪ್ಪ ಏನು ಹೇಳುತ್ತಿದ್ದನೋ, ಅಷ್ಟರಲ್ಲಿ ಹುಲಿಗೆಮ್ಮ ಅಂಗಡಿಗಳ ನಡುವಿನ ಮರದ ಮೆಟ್ಟಿಲು ಹತ್ತುತ್ತಿದ್ದಳು. ಮಂಡಿ ನೋವು, ವಯಸ್ಸು, ಎಲ್ಲಾ ಕೆಳಗೇ ಉಳಿಯಿತು. ಮಹಡಿಯ ಖಾಲಿ ಹಜಾರದಲ್ಲಿ ಬಣ್ಣದ ಗಾಜಿನಿಂದ ಬಿದ್ದ ಕೆಂಪು ಹಸಿರು ಅವಳ ಸೀರೆಯ ಮೇಲೆ ಹಾದುಹೋಯಿತು. ಇನ್ನೊಂದು ಕಿರಿದಾದ ಮೆಟ್ಟಿಲು, ತಾರಸಿ, ಬಿಸಿಲು. ಕಿರೀಟದ ಹಿಂಬದಿ ಒಡ್ಡೊಡ್ಡಾಗಿ, ಅಲಂಕಾರವಿಲ್ಲದೆ ನಿಂತಿತ್ತು. ಸಣ್ಣತಿಮ್ಮಪ್ಪ ಸಾರವೆಯ ಹಲಗೆಯ ಮೇಲಿನಿಂದ ಕೈ ಕೊಟ್ಟು, “ಮೆಲ್ಲಗೆ ಬರ್ರಿ ಅಮ್ಮಾರೆ, ಕೆಳಗೆ ನೋಡಬ್ಯಾಡ್ರಿ” ಎಂದು ಅವಳನ್ನು ಮುಂಭಾಗಕ್ಕೆ ದಾಟಿಸಿದ. ಇಷ್ಟು ಹತ್ತಿರದಿಂದ ಅಕ್ಷರಗಳು ಓದಲು ಬರುವಂತಿರಲಿಲ್ಲ. ಬರೀ ಗಾರೆಯ ಗುಡ್ಡ, ಕಣಿವೆ. ಅವಳು ಬೆರಳಿನಿಂದ ಮ ಹುಡುಕಿಕೊಂಡು ಅಲ್ಲಿಂದ ಮುಂದಕ್ಕೆ ಸರಿದಳು.

ಏತ್ವದ ಚಾಚಿದ ಕೊಂಡಿ ಕಳಚಿ ಹಲಗೆಯ ಮೇಲೆ ಚೂರಾಗಿ ಬಿದ್ದಿತ್ತು. ಅದು ಇದ್ದ ಜಾಗದಲ್ಲಿ ಗುಡಿಸು ಇತ್ತು. ಮುಚ್ಚಿದ ಸುತ್ತು, ಸ್ವಲ್ಪವೂ ಡೊಂಕಿಲ್ಲದೆ, ನಡುವೆ ತುಂಬಿದ್ದ ಗಾರೆಯನ್ನು ಸಣ್ಣತಿಮ್ಮಪ್ಪ ಆಗಷ್ಟೇ ತೆಗೆದಿದ್ದ. ಐವತ್ತೇಳು ವರ್ಷ ಬಿಸಿಲು ಮಳೆ ಕಾಣದೆ ಇದ್ದದ್ದರಿಂದ ಅದು ಒಂದೇ ಬೆಳ್ಳಗಿತ್ತು, ನೆರೆಯ ಅಕ್ಷರಗಳ ಕಪ್ಪಿನ ನಡುವೆ ಹಾಲುಹಲ್ಲಿನಂತೆ. “ಮೊದ್ಲು ಇದನ್ನ ಮಾಡಿ, ಪೂರ್ತಿ ಮುಗ್ಸಿ, ತಿಕ್ಕಿ ನುಣುಪು ಮಾಡ್ಯಾನೆ,” ಸಣ್ಣತಿಮ್ಮಪ್ಪ ಹೆಬ್ಬೆರಳಿನಿಂದ ಸವರಿ ತೋರಿಸಿದ. “ಆಮ್ಯಾಲೆ ಒಣಗಿದ ಮ್ಯಾಲೆ, ಒಂದು ದಿನ ಬಿಟ್ಟೋ ಏನೋ, ಇಲ್ಲಿ ನೋಡ್ರಿ, ಉಳಿಯಾಗೆ ಕಚ್ಚು ಹೊಡ್ದಾನೆ. ಹಿಂಗೆ ಕಚ್ಚು ಹೊಡೀದಿದ್ರೆ ಒಣಗಿದ್ದರ ಮ್ಯಾಲೆ ಹಸಿ ಗಾರೆ ಹಿಡಿಯಲ್ಲ. ಅದೇ ಕೈ, ಬ್ಯಾರೆ ಕೈ ಅಲ್ಲ. ಇಂಥಾ ಕೆಲಸ ಮಾಡಿ ಯಾಕೆ ಕೆಡಿಸ್ಕೊಂಡನೋ ಪುಣ್ಯಾತ್ಮ.”

ಹುಲಿಗೆಮ್ಮ ಕಚ್ಚುಗಳ ಮೇಲೆ ಬೆರಳಿಟ್ಟಳು. ಒಂಬತ್ತು ಇದ್ದವು. ಆಳವಾಗಿರಲಿಲ್ಲ, ಎಲ್ಲಿಯೂ ಸಿಟ್ಟಿನ ಏಟು ಇರಲಿಲ್ಲ, ನೋವಾಗಬಾರದೆಂದು ಹೊಡೆದ ಹಾಗಿದ್ದವು. ಅಪ್ಪ ನೋಡಿದ್ದ. ಚೀಟಿಯನ್ನೂ ರಟ್ಟನ್ನೂ ಪಕ್ಕಪಕ್ಕ ಇಟ್ಟು ನೋಡಿ, ಮಗಳದ್ದನ್ನು ಬಿಟ್ಟು ಸಾವ್ಕಾರರದ್ದನ್ನು ನಂಬಿ, ಸರಿಯಾದದ್ದನ್ನೇ ಮಾಡಿದ್ದ. ಹಾಗಾದರೆ ಒಂದು ದಿನ ಬಿಟ್ಟು ಏನಾಯಿತು ಎಂದುಕೊಳ್ಳುತ್ತಿದ್ದ ಹಾಗೆಯೇ ಅವಳಿಗೆ ಬೀದಿಯ ಆಚೆ ಬದಿ ಕಂಡಿತು. ಅಲ್ಲಿ ಆಗ ಒಂದು ಬೇವಿನ ಮರ ಇತ್ತು. ಅದರ ನೆರಳಲ್ಲಿ, ಅಪ್ಪನಿಗೆ ಬುತ್ತಿ ತಂದ ಹುಡುಗಿ ತಲೆ ಎತ್ತಿ ನಿಂತಿದ್ದಳು. ಅಪ್ಪ ಇದೇ ಹಲಗೆಯ ಜಾಗದಿಂದ, ಅಕ್ಷರಗಳಿಗೆ ಮರೆಯಾಗದಂತೆ ಪಕ್ಕಕ್ಕೆ ಸರಿದು, ಬಗ್ಗಿ ಕೇಳಿದ್ದ. “ಹೆಂಗೈತವ್ವಾ? ಸರಿ ಐತಾ?” ಕೆಲಸದವರೆಲ್ಲ ನಿಲ್ಲಿಸಿ ಅವಳ ಕಡೆ ನೋಡಿದ್ದರು. ದೊಡ್ಡವರೆಲ್ಲ ತನ್ನ ಉತ್ತರಕ್ಕೆ ಕಾಯುತ್ತಿದ್ದಾರೆ ಎಂಬ ಖುಷಿಯಲ್ಲಿ ಅವಳು ಮೇಷ್ಟ್ರ ಗತ್ತಿನಲ್ಲೇ ಕೂಗಿದ್ದಳು. “ಇಲ್ಲಪ್ಪಾ, ತಪ್ಪೈತೆ. ಏತ್ವ ಹಾಕಿಲ್ಲ.” ಅಪ್ಪ ತಿರುಗಿ ಆ ಅಕ್ಷರವನ್ನು ಬಹಳ ಹೊತ್ತು ನೋಡಿದ. ಆಮೇಲೆ ಅಂದ: “ಆತವ್ವ.”

ಇದು ನಿಜಕ್ಕೂ ನಡೆದದ್ದೋ, ಕಚ್ಚುಗಳನ್ನು ನೋಡಿದ ಮೇಲೆ ಈಗ ಹುಟ್ಟಿಕೊಂಡದ್ದೋ ಅವಳಿಗೆ ಗೊತ್ತಾಗಲಿಲ್ಲ. ಇಷ್ಟು ವರ್ಷ ಒಮ್ಮೆಯೂ ನೆನಪಾಗದ್ದು ಈಗ ಬೇವಿನ ನೆರಳಿನ ಸಮೇತ ಬಂದು ನಿಂತಿತ್ತು. ಗೋಡೆಯಂತೂ ಸುಳ್ಳು ಹೇಳುತ್ತಿರಲಿಲ್ಲ. ಸಾವ್ಕಾರರ ಬರಹಕ್ಕಿಂತ, ತನ್ನ ಎರಡು ಕಣ್ಣಿಗಿಂತ, ಎರಡನೇ ಕ್ಲಾಸಿನ ಮಗಳ ಮಾತು ಅವನಿಗೆ ಹೆಚ್ಚಾಗಿತ್ತು. ಅವಳಿಗೆ ಅಳು ಬಂತು. ಬಂದದ್ದನ್ನು ತಡೆಯದೆ, ಸೆರಗನ್ನೂ ಮುಖಕ್ಕೆ ಹಿಡಿಯದೆ, ಬಿಸಿಲಲ್ಲಿ, ಪೇಟೆಯ ನೆತ್ತಿಯ ಮೇಲೆ ನಿಂತು ಅತ್ತಳು. ಸಣ್ಣತಿಮ್ಮಪ್ಪ ಬೊಂಬು ಹಿಡಿದು ಬೇರೆ ಕಡೆ ನೋಡುತ್ತಿದ್ದ. ಸ್ವಲ್ಪ ಹೊತ್ತಾದ ಮೇಲೆ ಕರಣೆಯಲ್ಲಿ ಸಿಮೆಂಟು ತೆಗೆದುಕೊಂಡು, “ಈ ಕಚ್ಚು ಒಂದು ಮುಚ್ಚಿಬಿಡ್ಲೇನ್ರಿ?” ಎಂದು ಕೇಳಿದ.

“ಬ್ಯಾಡಪ್ಪ. ಹಂಗೇ ಇರ್ಲಿ. ಸುಣ್ಣ ಒಂದು ಬಳಿ, ಸಾಕು.”

ಕೆಳಗೆ ಬೀದಿಯಲ್ಲಿ ಜನ ಸೇರಿದ್ದರು. ಟೀಚರು ಸಾರವೆ ಹತ್ತಿದ್ದು ಚನ್ನಗಿರಿಯಲ್ಲಿ ದಿನಾ ನಡೆಯುವ ವಿಷಯವಲ್ಲ. ಕೊಲ್ಲಾಪುರಮ್ಮ ಎಲೆಯ ಬುಟ್ಟಿ ಬಿಟ್ಟು ರಸ್ತೆಗೆ ಬಂದು ಹಣೆಗೆ ಕೈ ಅಡ್ಡ ಹಿಡಿದು ನೋಡುತ್ತಿದ್ದಳು. ಅವಳ ಪಕ್ಕದಲ್ಲಿ ಮಲ್ಲಿಕಾರ್ಜುನಪ್ಪ ಕತ್ತು ಎತ್ತಿ, ಬಾಯಿಗೆ ಕೈ ಒಡ್ಡಿ ಕೂಗಿದ. “ಏನ್ರಿ ಟೀಚರ್, ಸರಿ ಐತೇನ್ರಿ?”

ಹುಲಿಗೆಮ್ಮ ಅಕ್ಷರಕ್ಕೆ ಮರೆಯಾಗದಂತೆ ಪಕ್ಕಕ್ಕೆ ಸರಿದು ನಿಂತಳು. ಅವಳ ದನಿ ಹಿಂದಿನ ಬೆಂಚಿಗೂ ಕೇಳುವ ದನಿ. ಹತ್ತು ವರ್ಷದಿಂದ ಅದಕ್ಕೆ ಕೆಲಸವಿರಲಿಲ್ಲ.

“ಸರಿ ಐತ್ರೀ. ನಮ್ಮಪ್ಪ ಸರಿಯಾಗೇ ಬರ್ದಿದ್ದ. ಅಳಿಸಿದೋಳು ನಾನು.”